ಬಾಗಿಲಲ್ಲಿ ಇಸ್ಕೊಂಡ ದುಡ್ಡಲ್ಲಿ ಮನೆ ನಡೆಯುತ್ತಾ? ವಕೀಲರ ಪರಿಷತ್ತಿನ 600 ರೂಪಾಯಿ ಲೆಕ್ಕ

ಹಾಸನದ ಕೋರ್ಟ್ ಹತ್ರದ ಟೈಪಿಂಗ್ ಅಂಗಡಿಲಿ ಬೆಳಗ್ಗೆ ಹತ್ತೂಕಾಲಿಗೆ ನಿಂತ್ರೆ ಜಿಲ್ಲೆಯ ಅರ್ಧ ಕತೆ ಕಿವಿಗೆ ಬೀಳುತ್ತೆ. ಮೊನ್ನೆ ನಾನು ಹೋಗಿದ್ದು ತಮ್ಮನ ಜಮೀನಿನ ಪಾಲಿನ ಕೇಸಿಗೆ ಒಂದು ಅಫಿಡವಿಟ್ ಮಾಡ್ಸೋಕೆ, ನನ್ ಮುಂದೆ ಸಕಲೇಶಪುರ ಕಡೆಯ ಒಂದು ಹುಡುಗಿ ನಿಂತಿದ್ಲು, ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ ಮಗಳಂತೆ, ಎಲ್‌ಎಲ್‌ಬಿ ಮುಗಿಸಿ ಸನ್ನದಿಗೆ, ಅಂದ್ರೆ ವಕೀಲಿಕೆ ಮಾಡೋ ಲೈಸೆನ್ಸಿಗೆ, ಅರ್ಜಿ ಹಾಕ್ಬೇಕು ಅಂತ ಪ್ಲಾಸ್ಟಿಕ್ ಫೈಲ್ ತುಂಬ ಮಾರ್ಕ್ಸ್ ಕಾರ್ಡ್ ಜೆರಾಕ್ಸು ಇಟ್ಕೊಂಡಿದ್ಲು. "ಅಣ್ಣ, ಸನ್ನದಿಗೆ ಒಟ್ಟು ಎಷ್ಟಾಗುತ್ತೆ?" ಅಂದ್ಲು. ಟೈಪಿಸ್ಟು ತಲೆ ಎತ್ತದೇನೇ "ಅಫಿಡವಿಟ್ಟು, ನೋಟರಿ, ಜೆರಾಕ್ಸಿಂದು ನಾನು ಹೇಳ್ತೀನಿ ಕಣಮ್ಮ, ಬೆಂಗಳೂರಿಂದು ನನ್ನ ಕೇಳ್ಬೇಡ" ಅಂದ.

ಅಲ್ಲೇ ಬೆಂಚಿನ ಮೇಲೆ ಕೂತಿದ್ದ ಒಬ್ರು ಜೂನಿಯರ್ ವಕೀಲರು "ಆರ್ನೂರು ಅಷ್ಟೇ, ಸುಪ್ರೀಂ ಕೋರ್ಟ್ ಹೇಳಿದೆ" ಅಂದ್ರು. ಪಕ್ಕದವ್ರು "ಆರ್ನೂರಲ್ಲ, ಏಳ್ನೂರೈವತ್ತು" ಅಂದ್ರು. ಟೀ ಕುಡೀತಾ ನಿಂತಿದ್ದ ಮೂರನೆಯವ್ರು "ಅದೆಲ್ಲ ಪೇಪರ್ನಲ್ಲಿ, ಒಂದಿಪ್ಪತ್ತು ಸಾವಿರ ಇಟ್ಕೊಂಡೇ ಹೋಗಮ್ಮ, ಸೇಫು" ಅಂದ್ರು. ಹುಡುಗಿ ಮೂರು ಜನರ ಮುಖಾನೂ ನೋಡಿ ಫೈಲ್ ಮುಚ್ಚಿದ್ಲು. ತಮಾಷೆ ಏನಂದ್ರೆ ಮೂರು ಜನ ಹೇಳಿದ್ರಲ್ಲೂ ಒಂದೊಂದು ಕಾಲದ ನಿಜ ಇತ್ತು. ಆ ಮೂರು ಅಂಕಿಗಳ ಮಧ್ಯೆ ಏನಾಯ್ತು ಅಂತ ಬಿಡಿಸಿದ್ರೆ ಒಂದು ಲೈಸೆನ್ಸ್ ಕೊಡೋ ಸಂಸ್ಥೆ ತನ್ನ ದುಡ್ಡು ತನ್ನ ಸಿಬ್ಬಂದಿ ಎರಡನ್ನೂ ಹೆಂಗೆ ಸಂಭಾಳಿಸ್ತಿದೆ ಅಂತ ಪೂರಾ ಕಾಣುತ್ತೆ, ಅದಕ್ಕೇ ಇದನ್ನ ಬರೀತಿರೋದು. ನಾನು ವಕೀಲ ಅಲ್ಲ, ಸೊಸೈಟಿಲಿ ವರ್ಷಗಟ್ಟಲೆ ಲೆಕ್ಕ ಬರ್ದೋನು, ಹಂಗಾಗಿ ಕಾನೂನಿಗಿಂತ ಜಮಾ ಖರ್ಚಿನ ಕಡೆಯಿಂದ್ಲೇ ನೋಡ್ತೀನಿ.

ಮೊದ್ಲು ಒಂದು ಗೊಂದಲ ಕ್ಲಿಯರ್ ಮಾಡ್ಕೊಳ್ಳೋಣ. ನಮ್ಮೂರಲ್ಲಿ ಜನ ವಕೀಲರ ಸಂಘ ಅಂದ್ರೂ ವಕೀಲರ ಪರಿಷತ್ತು ಅಂದ್ರೂ ಒಂದೇ ಅನ್ಕೊಂಡಿದಾರೆ. ಹಾಸನ, ಬೇಲೂರು, ಆಲೂರು, ಅರಸೀಕೆರೆ ಕೋರ್ಟುಗಳ ಹತ್ರ ಇರೋದು ಸಂಘ, ಅದು ಅಲ್ಲಿಯ ವಕೀಲರು ಸೇರಿ ಮಾಡ್ಕೊಂಡಿದ್ದು. ಪರಿಷತ್ತು ಅಂದ್ರೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು, ಬೆಂಗಳೂರಲ್ಲಿ ಹೈಕೋರ್ಟ್ ಹತ್ರ ಅಂಬೇಡ್ಕರ್ ವೀಧಿಯ ಹಳೇ ಕೆಜಿಐಡಿ ಕಟ್ಟಡದಲ್ಲಿರೋದು, 1961ರ ವಕೀಲರ ಕಾಯ್ದೆ ಕೆಳಗೆ ಬಂದಿದ್ದು. ಯಾರು ವಕೀಲರು ಅಂತ ರೋಲ್ ಇಟ್ಕೊಳ್ಳೋದು, ಸನ್ನದು ಕೊಡೋದು, ದುರ್ನಡತೆ ದೂರು ಬಂದ್ರೆ ವಿಚಾರಣೆ ಮಾಡೋದು ಅದರ ಕೆಲಸ. ರೋಲಲ್ಲಿ ಹತ್ತು ಸಾವಿರಕ್ಕಿಂತ ಜಾಸ್ತಿ ವಕೀಲರಿದ್ರೆ 25 ಜನ ಸದಸ್ಯರನ್ನ ವಕೀಲರೇ ಓಟು ಹಾಕಿ ಆರಿಸ್ಬೇಕು, ನಮ್ ರಾಜ್ಯದಲ್ಲಿ ವಕೀಲರ ಸಂಖ್ಯೆ ಲಕ್ಷ ದಾಟಿರೋದ್ರಿಂದ ಇಲ್ಲೂ 25. ರಾಜ್ಯ ಸರ್ಕಾರದ ಪ್ರಧಾನ ವಕೀಲರಾದ ಅಡ್ವೊಕೇಟ್ ಜನರಲ್ ಹುದ್ದೆಯಿಂದ್ಲೇ ಸದಸ್ಯರು. ಇದರಲ್ಲಿ ಸರ್ಕಾರದ ನಾಮಿನಿಗಳು ತುಂಬ್ಕೊಳ್ಳೋ ಹಂಗಿಲ್ಲ. ಅದು ಒಳ್ಳೇದೇ, ಸರ್ಕಾರದ ಮೇಲೇ ಕೇಸ್ ಹಾಕೋರಿಗೆ ಸರ್ಕಾರವೇ ಲೈಸೆನ್ಸ್ ಕೊಡೋ ಹಂಗಾದ್ರೆ ಕತೆ ಮುಗೀತು.

ಸ್ವಾತಂತ್ರ್ಯ ಬೇಕು ಅಂದ್ಮೇಲೆ ಸಂಬಳಕ್ಕೆ ಸರ್ಕಾರದ ಮುಂದೆ ಕೈ ಚಾಚೋ ಹಂಗಿಲ್ಲವಲ್ಲ. ಹಾಗಾದ್ರೆ ದುಡ್ಡು ಎಲ್ಲಿಂದ?

ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಎನ್‌ರೋಲ್‌ಮೆಂಟ್ ಫೀಸು, ಅಂದ್ರೆ ರೋಲಿಗೆ ಹೆಸರು ಸೇರ್ಸೋ ಫೀಸು, ಇಷ್ಟು ಅಂತ ಅಂಕಿ ಸಮೇತ ಬರೆದಿದೆ. ರಾಜ್ಯ ಪರಿಷತ್ತಿಗೆ 600, ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ 150, ಒಟ್ಟು 750. ಪರಿಶಿಷ್ಟ ಜಾತಿ ಪರಿಶಿಷ್ಟ ಪಂಗಡದವರಿಗೆ 100 ಮತ್ತು 25. ಇದರ ಜೊತೆ ಸ್ಟಾಂಪ್ ಡ್ಯೂಟಿ ಇದ್ರೆ ಅದು. ಬೆಂಚಿನ ಮೇಲಿದ್ದವ್ರು 600 ಅಂದಿದ್ದು 750 ಅಂದಿದ್ದು ಎರಡೂ ಸರಿ, ಒಬ್ರು ರಾಜ್ಯ ಪರಿಷತ್ತಿಂದು ಮಾತ್ರ ಹೇಳಿದ್ರು, ಇನ್ನೊಬ್ರು ಎರಡೂ ಸೇರ್ಸಿ ಹೇಳಿದ್ರು. ಈ 600 ಅನ್ನೋ ಅಂಕಿ ಬಂದಿದ್ದು 1993ರ ತಿದ್ದುಪಡಿಲಿ, ಅವತ್ತಿಂದ ಅಲ್ಲಾಡಿಲ್ಲ. 1993ರಲ್ಲಿ ಹತ್ತು ಗ್ರಾಂ ಚಿನ್ನ ನಾಲ್ಕು ಸಾವಿರದ ಆಸುಪಾಸು ಇತ್ತು ಅಂತ ನೆನಪಿಸ್ಕೊಂಡ್ರೆ 600ಕ್ಕೆ ಆಗ ಎಷ್ಟು ತೂಕ ಇತ್ತು ಅಂತ ಗೊತ್ತಾಗುತ್ತೆ. ಪರಿಷತ್ತು ಬೇಕು ಅಂದ್ರೂ ಇದನ್ನ ಹೆಚ್ಚಿಸೋ ಹಂಗಿಲ್ಲ, ಸಂಸತ್ತೇ ತಿದ್ದಬೇಕು.

ಸಂಸತ್ತು ತಿದ್ದಲಿಲ್ಲ, ಪರಿಷತ್ತುಗಳು ಕಾಯಲಿಲ್ಲ. ದೇಶದಲ್ಲಿ ಒಂದೊಂದು ರಾಜ್ಯದವ್ರೂ ಲೈಬ್ರರಿ ಫಂಡು, ಕಟ್ಟಡದ ಫಂಡು, ಐಡಿ ಕಾರ್ಡು, ವೆಲ್ಫೇರು, ಟ್ರೈನಿಂಗು, ವೆರಿಫಿಕೇಷನ್ನು ಅಂತ ಒಂದೊಂದು ಹೆಸರಿಟ್ಟು ಸನ್ನದಿನ ದಿನವೇ ಎಲ್ಲ ಸೇರ್ಸಿ ಇಸ್ಕೊಳ್ಳೋಕೆ ಶುರು ಮಾಡಿದ್ರು. ಸುಪ್ರೀಂ ಕೋರ್ಟ್ ಮುಂದೆ ಹೋದ ಅರ್ಜಿಲಿ ಒಡಿಶಾದಲ್ಲಿ 42,100, ಗುಜರಾತಲ್ಲಿ 25,000, ಕೇರಳದಲ್ಲಿ 20,050 ಅಂತ ಲೆಕ್ಕ ಕೊಟ್ಟಿದ್ರು. ಟೀ ಕುಡೀತಿದ್ದವರ ಇಪ್ಪತ್ತು ಸಾವಿರದ ಮಾತು ಈ ಕಾಲದ್ದು. 2024ರ ಜುಲೈ 30ಕ್ಕೆ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಜೆ.ಬಿ. ಪರ್ದೀವಾಲ ಅವರ ಪೀಠ ತೀರ್ಪು ಕೊಡ್ತು, ಕಾಯ್ದೆಲಿ ಬರೆದಿರೋದಕ್ಕಿಂತ ಒಂದು ರೂಪಾಯಿನೂ ಎನ್‌ರೋಲ್‌ಮೆಂಟ್ ಹೊತ್ತಲ್ಲಿ ಯಾವ ಹೆಸರಲ್ಲೂ ತಗೊಳ್ಳೋ ಹಂಗಿಲ್ಲ, ಇಷ್ಟೊಂದು ದುಡ್ಡು ಕೇಳಿದ್ರೆ ಬಡವರ ಮನೆ ಮಕ್ಳು, ಹಿಂದುಳಿದ ಸಮುದಾಯದವ್ರು ವೃತ್ತಿಗೇ ಬರೋಕಾಗಲ್ಲ, ಸಮಾನತೆಗೂ ವೃತ್ತಿ ಮಾಡೋ ಹಕ್ಕಿಗೂ ಇದು ವಿರುದ್ಧ ಅಂತ. ಹಿಂದೆ ಇಸ್ಕೊಂಡಿದ್ದನ್ನ ವಾಪಸ್ ಕೊಡೋದು ಬೇಡ, ಇನ್ಮುಂದೆ ಇಸ್ಕೋಬೇಡಿ ಅಂತ್ಲೂ ಹೇಳ್ತು. ಪರಿಷತ್ತುಗಳ ಕಡೆಯಿಂದ ಬಂದ ವಾದ, ನಮ್ಗೆ ಬೇರೆ ಆದಾಯ ಇಲ್ಲ, ಆಫೀಸು ನಡ್ಸೋದು ಹೆಂಗೆ, ಸಂಬಳ ಕೊಡೋದು ಹೆಂಗೆ ಅಂತ. ಅದಕ್ಕೆ ಕೋರ್ಟು, ಈಗಾಗ್ಲೇ ವಕೀಲರಾಗಿರೋರಿಗೆ ನೀವು ಸರ್ವಿಸ್ ಕೊಡ್ತೀರಲ್ಲ, ಅದಕ್ಕೆ ಫೀಸು ಇಟ್ಕೊಳ್ಳೋ ದಾರಿ ಹುಡುಕಿ ಅಂತು.

ನನ್ ಪ್ರಕಾರ ತೀರ್ಪಲ್ಲಿ ಎಲ್ರೂ ಓದದೆ ಬಿಟ್ಟಿದ್ದು ಈ ಕೊನೇ ಮಾತನ್ನ. ಪೇಪರಲ್ಲಿ ಹೆಡ್ಡಿಂಗ್ ಬಂದಿದ್ದು 600 ಅಂತ, ಅಷ್ಟಕ್ಕೆ ಸುದ್ದಿ ಮುಗೀತು.

ಈಗ ಸೊಸೈಟಿ ಕಣ್ಣಲ್ಲಿ ನೋಡಿ. ಒಂದು ಸಹಕಾರ ಸಂಘ ಇದೆ ಅನ್ಕೊಳ್ಳಿ, ಅದರಲ್ಲಿ ಹಳೇ ಮೆಂಬರ್ಸು ಲಕ್ಷ ಜನ, ಅವ್ರು ಆಫೀಸ್ ನಡ್ಸೋಕೆ ವರ್ಷ ವರ್ಷ ಏನೂ ಕಟ್ಟಲ್ಲ, ಹೊಸದಾಗಿ ಸೇರೋರು ಕೊಡೋ ಪ್ರವೇಶ ಶುಲ್ಕದಲ್ಲೇ ಸೆಕ್ರೆಟರಿ ಸಂಬಳ, ಗುಮಾಸ್ತನ ಸಂಬಳ, ಕರೆಂಟ್ ಬಿಲ್ಲು, ಆಡಿಟ್ ಫೀಸು, ಡೈರೆಕ್ಟರುಗಳ ಓಡಾಟದ ಖರ್ಚು ಎಲ್ಲ ನಡೀಬೇಕು. ಯಾವ ಆಡಿಟರಾದ್ರೂ ಮೊದಲನೇ ದಿನವೇ ಪೆನ್ಸಿಲಲ್ಲಿ ಗೆರೆ ಎಳೀತಾನೆ, ಇದು ಒಂದ್ಸಲ ಬರೋ ಜಮಾ, ಅದು ತಿಂಗಳು ತಿಂಗಳು ಹೋಗೋ ಖರ್ಚು, ಎರಡನ್ನೂ ಒಂದಕ್ಕೊಂದು ಕಟ್ಟಿದೀರಲ್ಲ ಸ್ವಾಮಿ ಅಂತ. ಒಂದು ಊಹೆಯ ಲೆಕ್ಕ ಹಾಕಿ ತೋರಿಸ್ತೀನಿ, ಇದು ಯಾವ ಪರಿಷತ್ತಿನ ನಿಜವಾದ ಅಂಕಿನೂ ಅಲ್ಲ, ಬರೀ ಲೆಕ್ಕ ಅರ್ಥ ಆಗ್ಲಿ ಅಂತ. ವರ್ಷಕ್ಕೆ ಐದು ಸಾವಿರ ಜನ ಹೊಸದಾಗಿ ಸನ್ನದು ತಗೊಂಡ್ರು ಅನ್ನಿ, ತಲೆಗೆ 600 ಅಂದ್ರೆ 30 ಲಕ್ಷ. ಆಫೀಸಲ್ಲಿ ಸೆಕ್ರೆಟರಿ ಅಕೌಂಟೆಂಟು ಸೇರಿ 22 ಜನ, ಸರಾಸರಿ ತಿಂಗಳಿಗೆ 35 ಸಾವಿರ ಅಂದ್ರೆ ವರ್ಷಕ್ಕೆ 92 ಲಕ್ಷದ 40 ಸಾವಿರ ಸಂಬಳಕ್ಕೇ ಹೋಯ್ತು, 62 ಲಕ್ಷ ಚಿಲ್ಲರೆ ಖೋತಾ, ಇನ್ನೂ ಪೇಪರ್ ತಂದಿಲ್ಲ, ಪೋಸ್ಟ್ ಹಾಕಿಲ್ಲ. ಅದೇ ತಲೆಗೆ 16 ಸಾವಿರ ಇಸ್ಕೊಂಡ್ರೆ 8 ಕೋಟಿ. ಒಂದು ಕಡೆ ಹಸಿವು, ಇನ್ನೊಂದು ಕಡೆ ಹೊಟ್ಟೆ ಒಡೆಯೋಷ್ಟು ಊಟ, ಮಧ್ಯದ್ದೇ ಇಲ್ಲ.

ಹಂಗಾದ್ರೆ ಹಳೇ ವಕೀಲರ ಹತ್ರ ವರ್ಷಕ್ಕಿಷ್ಟು ಅಂತ ಯಾಕೆ ಇಸ್ಕೊಳ್ಳಲ್ಲ? ಇಲ್ಲೇ ಇರೋದು ಗಂಟು. ಪರಿಷತ್ತಿನ ಸದಸ್ಯರನ್ನ ಆರ್ಸೋರು ಯಾರು, ಹಳೇ ವಕೀಲರು. ಅವ್ರಿಗೆ ವರ್ಷಕ್ಕೆ ಐನೂರು ಕಟ್ಟಿ ಅಂದ್ರೆ ಮುಂದಿನ ಚುನಾವಣೇಲಿ ಹಾಸನದ ಬಾರ್ ಅಸೋಸಿಯೇಷನ್ ಹಾಲಿಗೆ ಯಾವ ಮುಖ ಇಟ್ಕೊಂಡು ಹೋಗ್ತಾರೆ? ಬಾಗಿಲಾಚೆ ನಿಂತಿರೋ ಹುಡುಗಿಗೆ ಇನ್ನೂ ಓಟಿಲ್ಲ, ಸಂಘ ಇಲ್ಲ, ಗಲಾಟೆ ಮಾಡೋ ತಾಕತ್ತಿಲ್ಲ, ಸನ್ನದು ಸಿಕ್ರೆ ಸಾಕು ಅಂತ ಸಾಲ ಮಾಡಿಯಾದ್ರೂ ಕಟ್ತಾಳೆ. ಓಟಿರೋರಿಗೆ ಮಾಫಿ, ಓಟಿಲ್ಲದೋರಿಗೆ ಬಿಲ್ಲು. ಇದನ್ನ ಬರೀ ದುರಾಸೆ ಅಂತ ಬೈದು ಸುಮ್ಮನಾದ್ರೆ ತಪ್ಪಾಗುತ್ತೆ, ದೇವ್ರಂಥ 25 ಜನರನ್ನ ತಂದು ಕೂರ್ಸಿದ್ರೂ ಈ ವ್ಯವಸ್ಥೆಲಿ ಅವ್ರ ಕೈ ಅದೇ ಕಡೆಗೇ ಹೋಗುತ್ತೆ, ಯಾಕಂದ್ರೆ ನೋವಿಲ್ಲದೆ ದುಡ್ಡು ಸಿಗೋ ಜಾಗ ಅದೊಂದೇ.

ಬೇರೆ ವೃತ್ತಿಗಳವ್ರು ಹಿಂಗೆ ಮಾಡ್ಕೊಂಡಿಲ್ಲ. ನಮ್ ಬೀದಿ ಮೆಡಿಕಲ್ ಶಾಪಲ್ಲಿ ಗಲ್ಲಾಪೆಟ್ಟಿಗೆ ಮೇಲೆ ಕಟ್ಟು ಹಾಕ್ಸಿ ನೇತು ಹಾಕಿರೋ ಫಾರ್ಮಸಿಸ್ಟ್ ಸರ್ಟಿಫಿಕೇಟ್ ನೋಡಿರ್ತೀರ. ಅದನ್ನ ಕೊಡೋದು ರಾಜ್ಯ ಫಾರ್ಮಸಿ ಪರಿಷತ್ತು, 1948ರ ಫಾರ್ಮಸಿ ಕಾಯ್ದೆ ಕೆಳಗೆ. ಅಲ್ಲಿ ಹೆಸರು ರಿಜಿಸ್ಟರಲ್ಲಿ ಉಳೀಬೇಕು ಅಂದ್ರೆ ರಿನ್ಯೂವಲ್ ಫೀಸು ಕಟ್ಟಬೇಕು, ಕಟ್ಟದಿದ್ರೆ ರಿಜಿಸ್ಟ್ರಾರು ಹೆಸರು ತೆಗೀತಾರೆ. ಎಷ್ಟು ಅನ್ನೋದನ್ನ ಕಾಯ್ದೆಲಿ ಕೆತ್ತಿಲ್ಲ, ನಿಯಮದಲ್ಲಿ ಇಟ್ಟಿದಾರೆ, ಹಂಗಾಗಿ ಕಾಲಕ್ಕೆ ತಕ್ಕಂಗೆ ಬದ್ಲಾಯಿಸ್ಬೋದು. ಮಾರ್ಚ್ 31ಕ್ಕೆ ಮುಗಿಯೋ ವರ್ಷದಲ್ಲಿ ಬಂದ ಫೀಸಲ್ಲಿ ಕಾಲು ಭಾಗನ ಜೂನ್ ಮುಗಿಯೋದ್ರೊಳಗೆ ಕೇಂದ್ರ ಪರಿಷತ್ತಿಗೆ ಕಳಿಸ್ಬೇಕು ಅಂತ 44ನೇ ಸೆಕ್ಷನ್ನೇ ಹೇಳುತ್ತೆ. ಡಾಕ್ಟ್ರುಗಳು ಕರ್ನಾಟಕ ವೈದ್ಯಕೀಯ ಪರಿಷತ್ತಲ್ಲಿ ಐದು ವರ್ಷಕ್ಕೊಂದ್ಸಲ ರಿನ್ಯೂ ಮಾಡ್ಸಬೇಕು. ಸಿಎಗಳು ವರ್ಷ ವರ್ಷ ಮೆಂಬರ್‌ಶಿಪ್ ಫೀಸು ಕಟ್ತಾರೆ, ಕಟ್ಟದೆ ಇದ್ರೆ ಹೆಸರು ಹೋಗುತ್ತೆ, ಅದಕ್ಕೆ ಯಾರೂ ಬೀದಿಗೆ ಇಳಿದಿಲ್ಲ.

ಆದ್ರೆ ಫಾರ್ಮಸಿದೇ ಪೂರ್ತಿ ಮಾದರಿ ಅಂತ ನಾನು ಹೇಳಲ್ಲ. ಅಲ್ಲಿ ರಿಜಿಸ್ಟ್ರಾರನ್ನ ನೇಮಕ ಮಾಡ್ಬೇಕಾದ್ರೂ ರಾಜ್ಯ ಸರ್ಕಾರದ ಮುಂಚಿತ ಮಂಜೂರಾತಿ ಬೇಕು, ಪರಿಷತ್ತಲ್ಲಿ ಸರ್ಕಾರ ನಾಮಿನೇಟ್ ಮಾಡೋ ಸದಸ್ಯರು ಬೇರೆ ಇದಾರೆ, ಫೈಲು ಒಂದು ಇಲಾಖೆಗೆ ಹೋಗಿ ಕೂತ್ರೆ ಎದ್ದು ಬರೋಕೆ ಎಷ್ಟು ದಿನ ಅಂತ ತಾಲ್ಲೂಕು ಆಫೀಸಿಗೆ ಅಲೆದೋರಿಗೆಲ್ಲ ಗೊತ್ತು. ವಕೀಲರ ಕಾಯ್ದೆಲಿ ಆ ಕಾಟ ಇಲ್ಲ. 11ನೇ ಸೆಕ್ಷನ್ ಪ್ರಕಾರ ಪರಿಷತ್ತು ಒಬ್ಬ ಸೆಕ್ರೆಟರಿನ ನೇಮಿಸ್ಲೇಬೇಕು, ಅಕೌಂಟೆಂಟನ್ನ ನೇಮಿಸ್ಬೋದು, ಬೇಕಾದಷ್ಟು ಸಿಬ್ಬಂದಿನ ಇಟ್ಕೋಬೋದು. ಬೇಕಾದಷ್ಟು ಅಂದ್ರೆ ಎಷ್ಟು ಅಂತ ಕೇಳೋರು ಯಾರು ಅನ್ನೋದು ಬೇರೆ ಪ್ರಶ್ನೆ. ಸದಸ್ಯರು ಐದೈದು ವರ್ಷಕ್ಕೆ ಬರ್ತಾರೆ ಹೋಗ್ತಾರೆ, ಗುಮಾಸ್ತರು ಇದ್ದಲ್ಲೇ ಇರ್ತಾರೆ, ಯಾವ ರೋಲ್ ಯಾವ ಬೀರೂಲಿದೆ ಅಂತ ಗೊತ್ತಿರೋದು ಅವ್ರಿಗೇ.

ಈ ಸಿಬ್ಬಂದಿ ಮಾಡೋ ಕೆಲಸ ಏನು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ, ಸನ್ನದಿನ ದಿನ ಕಪ್ಪು ಕೋಟ್ ಹಾಕ್ಕೊಂಡು ಫೋಟೋ ತೆಗೆಸ್ಕೊಳ್ಳೋದಷ್ಟೇ ಕಾಣುತ್ತೆ. ಅದರ ಹಿಂದೆ ಒಬ್ಬೊಬ್ಬರ ಪಿಯುಸಿ, ಡಿಗ್ರಿ, ಎಲ್‌ಎಲ್‌ಬಿ ಕಾಗದಗಳನ್ನೆಲ್ಲ ಕೂತು ನೋಡ್ಬೇಕು. ನಕಲಿ ಡಿಗ್ರಿ ಇಟ್ಕೊಂಡು ವಾದ ಮಾಡೋರ ಕಾಟ ದೇಶದಲ್ಲಿ ಎಷ್ಟಿತ್ತು ಅಂದ್ರೆ 2023ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ದೀಪಕ್ ಗುಪ್ತಾ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿ ಎಲ್ಲ ವಕೀಲರ ಸರ್ಟಿಫಿಕೇಟ್ ಪರಿಶೀಲನೆ ಆಗ್ಬೇಕು, ಯೂನಿವರ್ಸಿಟಿಗಳು ಇದಕ್ಕೆ ಫೀಸು ಕೇಳಬಾರ್ದು ಅಂತು. ಫೀಸು ಕೇಳಲಿಲ್ಲ ಸರಿ, ಕವರ್ ಹಾಕಿ ಕಳ್ಸಿ, ಬಂದ ಉತ್ತರನ ಫೈಲಿಗೆ ಸೇರ್ಸಿ, ಬರದಿದ್ದಕ್ಕೆ ಮತ್ತೆ ನೆನಪೋಲೆ ಬರೆಯೋಕೆ ಆಳು ಬೇಕಲ್ಲ?

ಇನ್ನೊಂದು ನೇರ ನಮ್ಗೆ ನಿಮ್ಗೆ ತಟ್ಟೋದು, ದೂರು ವಿಭಾಗ. ಕಕ್ಷಿದಾರ ಕೊಟ್ಟ ದುಡ್ಡು ಡೆಪಾಸಿಟ್ ಮಾಡ್ಲಿಲ್ಲ, ಫೈಲ್ ವಾಪಸ್ ಕೊಡ್ತಿಲ್ಲ, ಎದುರು ಪಾರ್ಟಿ ಜೊತೆ ಸೇರ್ಕೊಂಡ್ರು, ಇಂಥ ದೂರು ಹೋಗೋದು ಪರಿಷತ್ತಿನ ಶಿಸ್ತು ಸಮಿತಿಗೆ, ಮೂರು ಜನರ ಸಮಿತಿ ಅದು. ದೂರನ್ನ ಒಂದು ವರ್ಷದೊಳಗೆ ಮುಗಿಸ್ಬೇಕು, ಇಲ್ಲ ಅಂದ್ರೆ ಅದು ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ವರ್ಗ ಆಗುತ್ತೆ ಅಂತ 36ಬಿ ಸೆಕ್ಷನ್ ಹೇಳುತ್ತೆ. ಓದೋಕೆ ಚೆನ್ನಾಗಿದೆ. ಅರಕಲಗೂಡಿನ ರೈತ ಒಬ್ಬ ಬೆಂಗಳೂರಿಗೆ ಬಸ್ ಹತ್ತೋಕೇ ಒಂದು ದಿನದ ಕೆಲಸ ಬಿಡ್ಬೇಕು, ನೋಟಿಸ್ ಬರೆಯೋಕೆ ಆಳಿಲ್ಲದೆ ವರ್ಷ ಕಳೆದು ಅವನ ದೂರು ದೆಹಲಿಗೆ ಹೋದ್ರೆ ಅವನು ಅಲ್ಲಿಗೆ ಹೋಗ್ತಾನಾ? ದೂರೇ ಸತ್ತಂಗೆ. 600 ರೂಪಾಯಿಲಿ ನಡೀರಿ ಅಂತ ನಾವು ಚಪ್ಪಾಳೆ ಹೊಡೆದಾಗ ಈ ರೈತನ್ನೂ ಲೆಕ್ಕಕ್ಕೆ ತಗೋಬೇಕಿತ್ತು.

ಇಲ್ಲಿ ಒಬ್ರು ಕೇಳ್ಬೋದು, ವಕಾಲತ್ತಿಗೆ ಅಂಟಿಸ್ತಾರಲ್ಲ ಆ ಸ್ಟಾಂಪ್ ದುಡ್ಡು ಎಲ್ಲಿ ಹೋಗುತ್ತೆ ಅಂತ. ನನ್ ತಮ್ಮನ ಕೇಸಿನ ವಕಾಲತ್ ಫಾರಂ ಮೇಲೂ ಒಂದು ಮೂಲೇಲಿ ಕೋರ್ಟ್ ಫೀ ಸ್ಟಾಂಪು, ಪಕ್ಕದಲ್ಲೇ ವಕೀಲರ ಕಲ್ಯಾಣ ನಿಧಿ ಸ್ಟಾಂಪು, ಗೋಂದು ಜಾಸ್ತಿಯಾಗಿ ಎರಡೂ ಒಂದಕ್ಕೊಂದು ಅಂಟ್ಕೊಂಡಿದ್ವು. ಫಾರಂ ಮೇಲೆ ಅಂಟ್ಕೊಂಡ್ರೂ ಲೆಕ್ಕದಲ್ಲಿ ಅವು ಬೇರೆ ಬೇರೆ ಡಬ್ಬಿ. ಕೋರ್ಟ್ ಫೀ ಸರ್ಕಾರದ್ದು. ಕಲ್ಯಾಣ ನಿಧಿದು 1983ರ ರಾಜ್ಯ ಕಾಯ್ದೆ ಕೆಳಗೆ ಇರೋದು, ವಕೀಲರು ತೀರ್ಕೊಂಡ್ರೆ ಅವ್ರ ಮನೆಯವ್ರಿಗೆ, ವೃತ್ತಿ ಬಿಟ್ರೆ ಅವ್ರಿಗೆ ಕೊಡೋಕೆ ಅಂತ ಮೀಸಲು. ಅಂದ್ರೆ ಆ ಸ್ಟಾಂಪಿಂದು ದುಡ್ಡು ಎಷ್ಟೇ ಇರ್ಲಿ, ಪರಿಷತ್ತಿನ ಗುಮಾಸ್ತನ ಸಂಬಳಕ್ಕೆ ಅಂತ ಬಳಸೋ ದುಡ್ಡು ಅದಲ್ಲ. ವಕೀಲಿಕೆ ಮಾಡೋಕೆ ಪಾಸಾಗ್ಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ ಇದ್ಯಲ್ಲ, 2011ರಿಂದ ನಡೀತಿರೋದು, ಅದರ ಫೀಸು ಜನರಲ್ ಕೆಟಗರಿಗೆ 3,500, ಅದೂ ರಾಜ್ಯಕ್ಕಲ್ಲ ದೆಹಲಿಗೆ. ಹುಡುಗಿ ಕಡೆಯಿಂದ ನೋಡಿದ್ರೆ ಎಲ್ಲ ಒಂದೇ ಜೇಬಿಂದ ಹೋಗೋದು, ಒಳಗೆ ಹೋದ್ಮೇಲೆ ಐದಾರು ಡಬ್ಬಿ. ಯಾವ ಡಬ್ಬಿಲಿ ಎಷ್ಟಿದೆ ಅಂತ ಗೊತ್ತಿಲ್ಲದೆ ಪರಿಷತ್ತಿಗೆ ದುಡ್ಡಿಲ್ಲ ಅನ್ನೋದೂ ಸುಲಭ, ಪರಿಷತ್ತು ದುಡ್ಡು ನುಂಗ್ತಿದೆ ಅನ್ನೋದೂ ಸುಲಭ.

ಗೊತ್ತು ಮಾಡ್ಕೊಳ್ಳೋಕೆ ಕಾನೂನಲ್ಲಿ ದಾರಿ ಇದೆ. 12ನೇ ಸೆಕ್ಷನ್ ಪ್ರಕಾರ ಕಂಪನಿಗಳ ಆಡಿಟ್ ಮಾಡೋ ಅರ್ಹತೆ ಇರೋರೇ ಪರಿಷತ್ತಿನ ಲೆಕ್ಕನೂ ಆಡಿಟ್ ಮಾಡ್ಬೇಕು, ಮುಂದಿನ ವರ್ಷದ ಡಿಸೆಂಬರ್ 31ರೊಳಗೆ ಲೆಕ್ಕಪತ್ರ ಮತ್ತು ಆಡಿಟ್ ವರದಿ ದೆಹಲಿಗೆ ಕಳಿಸ್ಬೇಕು, ಜೊತೆಗೆ ಗೆಜೆಟಲ್ಲಿ ಪ್ರಕಟ ಮಾಡ್ಬೇಕು. ಗೆಜೆಟ್ ಅಂದ್ರೆ ನಿಮ್ಗೆ ಗೊತ್ತು, ಹೆಸರು ಬದಲಾವಣೆ ಮಾಡ್ಕೊಂಡೋರು ಬಿಟ್ರೆ ಅದನ್ನ ತೆಗ್ದು ಓದೋರು ಯಾರೂ ಇಲ್ಲ. ನಮ್ ಸೊಸೈಟಿಲಿ ಹಂಗಲ್ಲ, ವರ್ಷಕ್ಕೊಂದು ಮಹಾಸಭೆ, ಉಪ್ಪಿಟ್ಟು ಕೇಸರಿಬಾತು ತಿಂದು ಕೂತ್ಮೇಲೆ ಯಾರಾದ್ರೂ ಒಬ್ಬ ಎದ್ದು ನಿಂತು "ಅಧ್ಯಕ್ಷರೇ, ಹೋದ ವರ್ಷ ಲೇಖನ ಸಾಮಗ್ರಿ ಹದಿನೆಂಟು ಸಾವಿರ ಇತ್ತು, ಈ ವರ್ಷ ನಲವತ್ತೊಂದು ಹೆಂಗಾಯ್ತು" ಅಂತ ಕೇಳೇ ಕೇಳ್ತಾನೆ. ಆ ಪ್ರಶ್ನೆಗೆ ಹೆದರಿಕೊಂಡೇ ನಾನು ಎಷ್ಟೋ ವೋಚರನ್ನ ರಾತ್ರಿ ಕೂತು ಸರಿ ಮಾಡಿದೀನಿ. ವಕೀಲರ ಕಾಯ್ದೆಲಿ ಅಂಥ ಮಹಾಸಭೆ ಇಲ್ಲ, ರೋಲಲ್ಲಿರೋ ವಕೀಲರೆಲ್ಲ ಸೇರಿ ಲೆಕ್ಕ ಪಾಸ್ ಮಾಡೋ ಪದ್ಧತಿನೇ ಇಲ್ಲ. ದಿನಾ ಬೇರೆಯವ್ರ ಲೆಕ್ಕದ ಮೇಲೆ ಪಾಟೀಸವಾಲು ಮಾಡೋ ಜನರ ಸಂಸ್ಥೆಲಿ ಅವರ ಲೆಕ್ಕಕ್ಕೆ ಪಾಟೀಸವಾಲು ಇಲ್ಲ ಅನ್ನೋದು ನಂಗೆ ಇವತ್ತಿಗೂ ಸೋಜಿಗ.

2024ರ ತೀರ್ಪಾದ್ಮೇಲೆ ಏನಾಯ್ತು ಅಂದ್ರೆ, ನೀರಿಗೆ ಒಂದು ಕಡೆ ಕಟ್ಟೆ ಕಟ್ಟಿದ್ರೆ ಇನ್ನೊಂದು ಕಡೆ ತೂಬು ಹುಡುಕುತ್ತಲ್ಲ ಹಂಗಾಯ್ತು. ನಮ್ ರಾಜ್ಯದ ಪರಿಷತ್ತಿನ ವಿಷಯ್ವೇ ನ್ಯಾಯಾಂಗ ನಿಂದನೆ ಅರ್ಜಿಯಾಗಿ ಸುಪ್ರೀಂ ಕೋರ್ಟಿಗೆ ಹೋಯ್ತು. ಐಡಿ ಕಾರ್ಡು, ಸರ್ಟಿಫಿಕೇಟು, ಕಲ್ಯಾಣ ನಿಧಿ, ತರಬೇತಿ ಅಂತ 6,800 ರೂಪಾಯಿ ತಗೋತಿರೋದು ಐಚ್ಛಿಕ, ಕಡ್ಡಾಯ ಅಲ್ಲ ಅನ್ನೋ ಸಮಜಾಯಿಷಿ ಅಲ್ಲಿ ಬಂತು. 2025ರ ಆಗಸ್ಟಲ್ಲಿ ನ್ಯಾಯಮೂರ್ತಿಗಳಾದ ಪರ್ದೀವಾಲ ಮತ್ತು ಆರ್. ಮಹಾದೇವನ್ ಅವರ ಪೀಠ ಐಚ್ಛಿಕ ಅನ್ನೋದೇ ಇಲ್ಲ, ಆ ಹೆಸರಲ್ಲೂ ದುಡ್ಡು ತಗೋಬೇಡಿ, ತಗೋತಿದ್ರೆ ನಿಲ್ಲಿಸಿ ಅಂತು. ಸರಿಯಾಗೇ ಹೇಳ್ತು ಅಂತ ನಂಗನ್ಸುತ್ತೆ. ಕೌಂಟರ್ ಮುಂದೆ ಸನ್ನದಿಗಾಗಿ ನಿಂತಿರೋ ಹುಡುಗಿಗೆ "ಇದು ನಿಮ್ಮಿಷ್ಟ" ಅಂತ ಚಲನ್ ಕೊಟ್ರೆ ಅವ್ಳು ಇಷ್ಟ ಇಲ್ಲ ಅಂತಾಳಾ?

ಆಮೇಲೆ ಇನ್ನೊಂದು ತೂಬು, ಇದನ್ನ ನೋಡಿ ನಂಗೆ ನಿಜವಾಗ್ಲೂ ನಗು ಬಂತು. ಪರಿಷತ್ತಿನ ಅವಧಿ ಐದು ವರ್ಷ. ನಮ್ಮಲ್ಲಿ 2018ರಲ್ಲಿ ಚುನಾವಣೆ ಆಗಿತ್ತು, ಅವಧಿ ಮುಗಿದ್ಮೇಲೂ ಬೇರೆ ಬೇರೆ ರಾಜ್ಯಗಳ ಥರ ಇಲ್ಲೂ ಎಳ್ಕೊಂಡೇ ಹೋಯ್ತು. ಕೊನೆಗೆ 2025ರ ಕೊನೇಲಿ ಸುಪ್ರೀಂ ಕೋರ್ಟೇ ಗಡುವು ಹಾಕಿ, ಮೇಲ್ವಿಚಾರಣೆಗೆ ಸಮಿತಿ ಮಾಡಿ, ಹಂತ ಹಂತವಾಗಿ ರಾಜ್ಯಗಳ ಚುನಾವಣೆ ಮುಗಿಸಿ ಅಂತ ಹೇಳ್ಬೇಕಾಯ್ತು. ಅದಕ್ಕೂ ಮುಂಚೆ, ಸೆಪ್ಟೆಂಬರಲ್ಲಿ, ಭಾರತೀಯ ವಕೀಲರ ಪರಿಷತ್ತು ಒಂದು ಸುತ್ತೋಲೆ ಹೊರಡಿಸ್ತು, ಸದಸ್ಯ ಸ್ಥಾನಕ್ಕೆ ನಿಲ್ಲೋರು 1.25 ಲಕ್ಷ ರೂಪಾಯಿ ನಾಮಪತ್ರ ಶುಲ್ಕ ಕಟ್ಬೇಕು, ವಾಪಸ್ ಇಲ್ಲ ಅಂತ. ಕಾರಣ ಏನು ಕೊಟ್ರು? 600 ರೂಪಾಯಿ ತೀರ್ಪಿನಿಂದ ಪರಿಷತ್ತುಗಳ ಹತ್ರ ದುಡ್ಡಿಲ್ಲ, ಚುನಾವಣೆ ಖರ್ಚು ಹೊರೋಕಾಗಲ್ಲ ಅಂತ.

ನೋಡಿದ್ರಾ, ಮತ್ತೆ ಬಾಗಿಲಲ್ಲೇ ದುಡ್ಡು. ಮೊದ್ಲು ವೃತ್ತಿಗೆ ಬರೋ ಬಾಗಿಲಲ್ಲಿ, ಅದನ್ನ ಕೋರ್ಟು ಮುಚ್ಚಿದ್ಮೇಲೆ ಪರಿಷತ್ತಿಗೆ ಬರೋ ಬಾಗಿಲಲ್ಲಿ. ಆಲೂರಲ್ಲಿ ಪ್ರಾಕ್ಟೀಸ್ ಮಾಡೋ ಒಬ್ರು ಸಾಧಾರಣ ವಕೀಲರು, ಜಾಮೀನು ಅರ್ಜಿ, ಪಾಲಿನ ಕೇಸು ಅಂತ ಜೀವನ ಮಾಡೋರು, ಒಂದೂಕಾಲು ಲಕ್ಷ ಹೋದ್ರೆ ಹೋಯ್ತು ಅಂತ ಕಟ್ಟಿ ನಿಲ್ತಾರಾ? ನಿಲ್ಲೋರು ದುಡ್ಡಿರೋರು, ಹಾಕಿದ್ದನ್ನ ಮರೆಯದೋರು. ಮಹಿಳೆಯರಿಗೆ ಶೇಕಡ 30 ಸ್ಥಾನ ಸಿಗ್ಲೇಬೇಕು, 20 ಚುನಾವಣೆಯಿಂದ, 10 ಕೋ-ಆಪ್ಶನ್‌ನಿಂದ ಅಂದ್ರೆ ಚುನಾವಣೆ ಇಲ್ಲದೆ ಸೇರಿಸ್ಕೊಳ್ಳೋದ್ರಿಂದ ಅಂತ 2025ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಒಳ್ಳೇ ಬೆಳವಣಿಗೆ, ಆದ್ರೆ ಆ ಸ್ಥಾನಕ್ಕೆ ನಮ್ ತಾಲ್ಲೂಕು ಕೋರ್ಟಿನ ಒಬ್ಳು ಹೆಣ್ಮಗಳು ನಿಲ್ಬೇಕು ಅಂದ್ರೂ ಇದೇ ಶುಲ್ಕದ ಮುಂದೆ ನಿಂತ್ಕೋಬೇಕು.

ಪರಿಹಾರ ಇಲ್ಲದ್ದೇನಲ್ಲ. ಹಳೇ ವಕೀಲರಿಂದ ವರ್ಷಕ್ಕಿಷ್ಟು ಅಂತ ಸಣ್ಣ ಮೊತ್ತ, ಲಕ್ಷ ಜನ ತಲಾ 200 ಕೊಟ್ರೆ 2 ಕೋಟಿ, ನಾನು ಮೇಲೆ ಹಾಕಿದ ಊಹೆ ಲೆಕ್ಕದ ಸಂಬಳ ಕೊಟ್ಟು ಮೇಲೆ ಕೋಟಿ ಉಳಿಯುತ್ತೆ. 200 ಅಂದ್ರೆ ಕೋರ್ಟ್ ಕ್ಯಾಂಟೀನಲ್ಲಿ ನಾಲ್ಕು ಜನ ತಿಂಡಿ ತಿಂದಷ್ಟು. ಜೂನಿಯರ್‌ಗಳಿಗೆ ಮೊದಲ ಐದು ವರ್ಷ ಬೇಡ, ಅವ್ರಿಗೆ ಸೀನಿಯರ್ ಕೊಡೋ ಪೆಟ್ರೋಲ್ ಕಾಸೇ ತಿಂಗಳ ಕೊನೆಗೆ ಸಾಲಲ್ಲ, ಇಪ್ಪತ್ತು ವರ್ಷ ದಾಟಿದವ್ರಿಗೆ ಬೇಕಾದ್ರೆ ಸಾವಿರ ಮಾಡ್ಲಿ. ಒಬ್ರು ವಕೀಲರು ನಂಗೆ ಹೇಳಿದ್ರು, "ಕಟ್ಟೋದು ಕಷ್ಟ ಅಲ್ಲ ಸ್ವಾಮಿ, ಕಟ್ಟಿದ್ದು ಎಲ್ಲಿ ಹೋಗುತ್ತೆ ಅಂತ ಗೊತ್ತಾಗ್ಬೇಕಲ್ಲ" ಅಂತ. ಅದು ನ್ಯಾಯವಾದ ಮಾತು, ಅದಕ್ಕೇ ಲೆಕ್ಕನ ಗೆಜೆಟಲ್ಲಿ ಹೂತು ಹಾಕೋ ಬದ್ಲು ಪ್ರತಿ ತಾಲ್ಲೂಕು ಸಂಘದ ನೋಟಿಸ್ ಬೋರ್ಡಿಗೆ ಎರಡು ಹಾಳೆ ಹಾಕಿದ್ರೆ ಆಯ್ತು. ಪರಿಷತ್ತುಗಳು ಮಾಹಿತಿ ಹಕ್ಕಿನ ವ್ಯಾಪ್ತಿಗೂ ಬರ್ತವೆ, ವಕೀಲರೇ ಒಬ್ರು ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಾಕಿ ಕೇಳ್ಬೋದು. 46ಎ ಸೆಕ್ಷನಲ್ಲಿ ಕಷ್ಟದಲ್ಲಿರೋ ರಾಜ್ಯ ಪರಿಷತ್ತಿಗೆ ದೆಹಲಿಯೋರು ಹಣ ಸಹಾಯ ಮಾಡ್ಬೋದು ಅಂತ್ಲೂ ಇದೆ, ಪರೀಕ್ಷೆ ಫೀಸು ಪೂರ್ತಿ ಅಲ್ಲಿಗೇ ಹೋಗ್ತಿರುವಾಗ ಅದನ್ನ ಕೇಳೋದ್ರಲ್ಲಿ ತಪ್ಪೇನಿಲ್ಲ. 1993ರ ಅಂಕಿನ ಸಂಸತ್ತು ತಿದ್ದಿದ್ರೂ ತಿದ್ಲಿ, 600 ಎರಡು ಸಾವಿರ ಆದ್ರೆ ರೈಟರ ಮಗಳು ಹೆಂಗೋ ಹೊಂದಿಸ್ತಾಳೆ, ಆದ್ರೆ ಬರೀ ಅದನ್ನೇ ಹೆಚ್ಚಿಸಿ ಹಳೇ ವಕೀಲರನ್ನ ಮುಟ್ಟದೆ ಬಿಟ್ರೆ ಗಂಟು ಇದ್ದಲ್ಲೇ ಇರುತ್ತೆ.

ಅವತ್ತು ಟೈಪಿಂಗ್ ಅಂಗಡಿಲಿ ನನ್ ಸರದಿ ಬರೋ ಹೊತ್ತಿಗೆ ಪರಿಷತ್ತಿನ ಚುನಾವಣೆಗೆ ನಿಂತಿದ್ದೆ ಅಂತ ಹೇಳ್ಕೊಳ್ಳೋ ಒಬ್ರು ಹಳೇ ವಕೀಲರು ಜೆರಾಕ್ಸಿಗೆ ಬಂದ್ರು. ನಾನು ಸುಮ್ನೆ ಇರದೆ, "ಸರ್, ಓಟು ಕೇಳೋಕೆ ಹೋದಾಗ ಯಾರಾದ್ರೂ ಪರಿಷತ್ತಿನ ಲೆಕ್ಕ ಕೇಳಿದ್ರಾ?" ಅಂದೆ. ಅವ್ರು ಕನ್ನಡಕ ತೆಗ್ದು ಒರೆಸ್ತಾ, "ಇಲ್ಲಪ್ಪ, ಎಲ್ರೂ ಕೇಳಿದ್ದು ಇನ್ಶೂರೆನ್ಸು ಯಾವಾಗ ಮಾಡ್ಸ್ತೀರಿ ಅಂತ. ನಾನೂ ಮಾಡ್ಸಣ ಅಂತ್ಲೇ ಹೇಳ್ತಿದ್ದೆ" ಅಂದ್ರು. ಹುಡುಗಿ ಅಷ್ಟೊತ್ತಿಗೆ ನೋಟರಿ ಸೀಲ್ ಹಾಕಿಸ್ಕೊಂಡು ವಾಪಸ್ ಬಂದು, ಟೈಪಿಸ್ಟಿಗೆ ದುಡ್ಡು ಕೊಟ್ಟು, ಬೆಳಗ್ಗೆ ಎಷ್ಟೊತ್ತಿನ ಬಸ್ಸಿಗೆ ಹೋದ್ರೆ ಹತ್ತೂವರೆಗೆ ಬೆಂಗಳೂರು ಸೇರ್ಬೋದು ಅಂತ ವಿಚಾರಿಸ್ತಿದ್ಲು. ಪರ್ಸಲ್ಲಿ 750ರ ಲೆಕ್ಕನ ಬೇರೆ ಮಡಚಿ ಇಟ್ಕೊಂಡಿದ್ಲು, ಆದ್ರೂ ಅಪ್ಪನಿಗೆ ಫೋನ್ ಮಾಡಿ "ಇನ್ನೊಂದು ಹತ್ತು ಸಾವಿರ ಅಕೌಂಟಿಗೆ ಹಾಕಿರಪ್ಪ, ಬೇಕಾದ್ರೂ ಬೇಕಾಗುತ್ತೆ" ಅಂದ್ಲು.